ಡೇರಿಯ ಕಿಟಕಿಯಲ್ಲಿ ಕತ್ತಲಾದ ಟೀವಿ

ಮದ್ದೂರಿನ ಆಚೆ ಒಂದು ಊರು. ಹೆಸರು ಹೇಳಿದರೆ ಆ ಊರಿನವರು ಬಸ್ಸು ಹತ್ತಿ ವಿಚಾರಿಸಲು ಬರುತ್ತಾರೆ, ಆದ್ದರಿಂದ ಹೆಸರು ಬೇಡ. ಆ ಊರಲ್ಲಿ ತಾಯಮ್ಮ ಎಂಬೊಬ್ಬಳು ತಾಯಿ, ಅವಳಿಗೆ ಚನ್ನಿಂಗ ಎಂಬೊಬ್ಬ ಮಗ. ಮಗನಿಗೆ ಮೀಸೆ ಬಂದು ಬಹಳ ಕಾಲವಾಗಿತ್ತು. ಬೇರೆ ಏನೂ ಬಂದಿರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು.

ಅದು ಪೂರ್ತಿ ನಿಜವಲ್ಲ. ಚನ್ನಿಂಗನಿಗೆ ಅಕ್ಷರ ಬರುತ್ತಿತ್ತು, ಇಂಗ್ಲಿಷಿನದೂ ಸೇರಿ. ಅಂಕಿ ಬರುತ್ತಿತ್ತು. ಹೇಳಿದ ಕೆಲಸ ಮಾಡುತ್ತಿದ್ದ, ಎದುರು ಮಾತಾಡುತ್ತಿರಲಿಲ್ಲ. ಬಾರದೆ ಇದ್ದದ್ದು ಒಂದೇ. ಹೇಳಿದ ಮಾತು ಎಲ್ಲಿಗೆ ಮುಗಿಯುತ್ತದೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ತಾಯಿ ಹೇಳಿದ ಮಾತು ಸಂಜೆಯ ಹೊತ್ತಿಗೆ ಹಳತಾಗುತ್ತದೆ. ಚನ್ನಿಂಗನಲ್ಲಿ ಯಾವ ಮಾತೂ ಹಳತಾಗುತ್ತಿರಲಿಲ್ಲ.

“ನನ್ನ ಹೊಟ್ಟೇಲಿ ಹುಟ್ಟಿ ನನ್ನ ಮಾತು ಕೇಳ್ತೀಯಲ್ಲ, ಅದೇ ನನಗೆ ಕಷ್ಟ ಕಣ್ಲಾ” ಎಂದು ತಾಯಮ್ಮ ಹಣೆ ಹಿಡಿದುಕೊಳ್ಳುತ್ತಿದ್ದಳು.

ತಾಯಮ್ಮ ಆ ಊರಿನ ಮಹಿಳಾ ಡೇರಿಯ ಸೆಕ್ರೆಟ್ರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೆಂಗಸರು ಹಾಲು ತಂದು ಹಾಕುತ್ತಾರೆ. ಮಿಷನ್ನು ಹಾಲಿನ ಫ್ಯಾಟ್, ಅಂದರೆ ಕೊಬ್ಬು, ನೂರಕ್ಕೆ ಎಷ್ಟು, ಬೆರೆತ ನೀರೆಷ್ಟು ಎಂದು ಅಳೆಯುತ್ತದೆ. ಅಳೆದದ್ದು ತಾಯಮ್ಮನ ಮುಂದಿರುವ ಲ್ಯಾಪ್‌ಟಾಪಿನಲ್ಲಿ ಕಾಣುತ್ತದೆ. ಅದೇ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟ ದೊಡ್ಡ ಪರದೆಯಲ್ಲೂ ಕಾಣುತ್ತದೆ. ಅದಕ್ಕೆ ಎಲ್ಲರೂ ಹೊರಗಿನ ಟೀವಿ ಎನ್ನುತ್ತಿದ್ದರು. ಒಳಗೆ ಕೂತವಳು ಒಂದು ಹೇಳಿ ಒಂದು ಬರೆಯಬಾರದಲ್ಲ, ಅದಕ್ಕೆ ಆ ಟೀವಿ. ಇನ್ನೊಂದು ಕಟ್ಟಳೆಯೂ ಇತ್ತು. ಸೆಕ್ರೆಟ್ರಿಯ ಮನೆಯ ಹಾಲು ಎಲ್ಲರದ್ದೂ ಮುಗಿದ ಮೇಲೆ, ಎಲ್ಲರ ಕಣ್ಣೆದುರಿಗೆ ಅಳತೆಯಾಗಬೇಕು.

ತಾಯಮ್ಮ ಸೆಕ್ರೆಟ್ರಿಯಾದಾಗಿನಿಂದ ಒಬ್ಬಳೂ ಅವಳ ಲೆಕ್ಕಕ್ಕೆ ಬೆರಳು ತೋರಿಸಿರಲಿಲ್ಲ. ಅವಳಿಗಿದ್ದ ಆಸ್ತಿ ಅದು. ಇನ್ನೊಂದು, ಮನೆಯ ಹಸು.

ಒಂದು ಸಂಜೆ ತಾಯಮ್ಮ ಮಗನಿಗೆ, “ಗುಂಡಿಗಳ ಮೇಲೆಲ್ಲ ಧೂಳು ಕೂತದೆ, ಚೆನ್ನಾಗಿ ಒರೆಸ್ಲಾ” ಎಂದಳು. ಚನ್ನಿಂಗ ಲ್ಯಾಪ್‌ಟಾಪಿನ ಗುಂಡಿಗಳನ್ನು ಚೆನ್ನಾಗಿ ಒರೆಸಿದ. ಲ್ಯಾಪ್‌ಟಾಪ್ ಚಾಲೂ ಇತ್ತು. ಆರಿಸಿ ಒರೆಸು ಎಂದು ಯಾರೂ ಹೇಳಿರಲಿಲ್ಲ. ಅವನು ಒರೆಸಿ ಮುಗಿಸುವಾಗ ಹೊರಗಿನ ಟೀವಿ ಕತ್ತಲಾಯಿತು.

ಸಾಲಿನಲ್ಲಿ ಮುಂದೆ ನಿಂತಿದ್ದವಳು ಕೆಂಪಮ್ಮ. ಊರಿನ ಯಾವ ಸಾಲಿನಲ್ಲೂ ಮುಂದೆ ನಿಲ್ಲುವವಳು ಅವಳೇ.

“ಏನವ್ವ ತಾಯಮ್ಮ, ನನ್ನ ಹಾಲು ಬಂದ ತಕ್ಷಣ ಟೀವಿ ಕಣ್ಣು ಮುಚ್ಕತಾ?”

“ವೈರೇನೋ ಸಡ್ಲ ಆಗಿರಬೇಕು ಕಣಕ್ಕ. ನಿಂದು ನಾಲ್ಕೂವರೆ ಫ್ಯಾಟ್. ಬರ್ಕೊಂಡಿದೀನಿ.”

“ನೀನು ಹೇಳ್ತೀಯ. ನಾನು ಕಂಡ್ನಾ?”

ಹಿಂದಿನವರೂ ಹಾಗೆಯೇ ಕೇಳಿದರು. ಹಾಲು ವಾಪಸ್ಸು ಒಯ್ಯುವಂತಿಲ್ಲ, ಕೆಡುತ್ತದೆ. ಹಾಕಿದರು, ಗೊಣಗಿದರು, ಹೋದರು. ಹೋಗುವಾಗ ಕೆಂಪಮ್ಮ ಎಲ್ಲರ ಪರವಾಗಿ ತೀರ್ಪು ಹೇಳಿದಳು. “ನಾಡಿದ್ದು ಬೆಳಿಗ್ಗೆ ಲೆಕ್ಕ ನೋಡಾಕೆ ಒಕ್ಕೂಟದ ಸೂಪರ್‌ವೈಸರ್ ಬತ್ತಾರಲ್ಲ, ಅಷ್ಟರಲ್ಲಿ ಟೀವಿ ಕಾಣಬೇಕು. ಕಾಣ್ದಿದ್ರೆ ಬೇರೆ ಸೆಕ್ರೆಟ್ರಿ ನೋಡ್ಕತೀವಿ.”

ಬೇರೆ ಸೆಕ್ರೆಟ್ರಿಯನ್ನು ಎಲ್ಲೂ ಹುಡುಕಬೇಕಾಗಿರಲಿಲ್ಲ. ಡೇರಿಯ ಅಧ್ಯಕ್ಷಿಣಿಯ ಸೊಸೆ ಕೋಮಲ ಕಂಪ್ಯೂಟರ್ ಕಲಿತು ಮನೆಯಲ್ಲಿ ಕೂತಿದ್ದಳು. ತಾಯಮ್ಮನ ಕುರ್ಚಿಯ ಮೇಲೆ ಅವಳ ಕಣ್ಣು ಬಿದ್ದು ವರ್ಷವಾಗಿತ್ತು.

ತಾಯಮ್ಮ ಪಟ್ಟಣದ ರಿಪೇರಿ ಅಂಗಡಿಯ ಇರ್ಷಾದನಿಗೆ ಫೋನು ಮಾಡಿದಳು.

“ಹೊರಗಿನ ಪರದೆಗೆ ಹೋಗಿರೋ ವೈರ್ ಒಂದ್ಸಲ ಕಿತ್ತು ಹಾಕಿ ನೋಡಿ ಅಮ್ಮ” ಎಂದ ಅವನು.

ತಾಯಮ್ಮನ ಎರಡು ಕೈಯೂ ಹಾಲಾಗಿತ್ತು. ಮಗನಿಗೆ ಹೇಳಿದಳು. “ಹೋಗ್ಲಾ, ಹೊರಗಿನ ಟೀವಿ ವೈರು ಕೀಳು.”

ಚನ್ನಿಂಗ ಟೀವಿಯ ತುದಿ ಕಿತ್ತ. ಲ್ಯಾಪ್‌ಟಾಪಿನ ತುದಿ ಕಿತ್ತ. ನಡುವೆ ಗೋಡೆಗೆ ಹೊಡೆದಿದ್ದ ಕ್ಲಿಪ್ಪುಗಳನ್ನು ಸುಣ್ಣದ ಸಮೇತ ಕಿತ್ತ. ವೈರನ್ನು ಹಗ್ಗದ ಹಾಗೆ ಸುತ್ತಿ ತಂದು ತಾಯಿಯ ಮಡಿಲಲ್ಲಿಟ್ಟ. ಎಳೆದ ರಭಸಕ್ಕೆ ತುದಿ ಸೊಟ್ಟಗಾಗಿತ್ತು.

“ಏನ್ಲಾ ಇದು?”

“ವೈರು ಕಣವ್ವ. ಕೀಳು ಅಂದಲ್ಲ.”

“ಕಿತ್ತು ಸುಮ್ಕೆ ತಂದ್ಕೊಟ್ರೆ ಟೀವಿ ಹತ್ಕತದಾ? ಏನೇ ತೆಗೆದ್ರೂ ತೆಗೆದ ಜಾಗಕ್ಕೆ ಮತ್ತೆ ಹಾಕಬೇಕು ಕಣ್ಲಾ. ಇಷ್ಟು ದೊಡ್ಡೋನಾಗಿ ಇದನ್ನೂ ನಾನು ಹೇಳ್ಕೊಡಬೇಕಾ?”

“ಹೂಂ ಕಣವ್ವ. ಇನ್ಮೇಲೆ ಹಾಕ್ತೀನಿ.”

ಹಾಕಿದ. ಟೀವಿ ಕತ್ತಲಾಗಿಯೇ ಇತ್ತು. ಮತ್ತೆ ಫೋನು. ತುದಿ ಸೊಟ್ಟಗಾಗಿದೆ ಎಂದು ಕೇಳಿದ ಇರ್ಷಾದ ಹೊಸ ವೈರು ಬೇಕೇ ಬೇಕು ಎಂದ. ರಿಪೇರಿಯವನು ಅಷ್ಟು ಖಚಿತವಾಗಿ ಮಾತಾಡುವುದು ಅಪರೂಪ.

ಮರುದಿನ ಬೆಳಿಗ್ಗೆ ಹೆಂಗಸರು ಇನ್ನಷ್ಟು ಗೊಣಗಿ ಹಾಲು ಹಾಕಿ ಹೋದರು. ತಾಯಮ್ಮ ಮಗನ ಕೈಗೆ ದುಡ್ಡು ಕೊಟ್ಟು ಬಸ್ಸು ಹತ್ತಿಸಿದಳು. ಚನ್ನಿಂಗ ಅಂಗಡಿಗೆ ಹೋದ. ವೈರುಗಳು ಗೋಡೆಯ ಮೊಳೆಗೆ ನೇತಾಡುತ್ತಿದ್ದವು. ಇರ್ಷಾದ ತೋರಿಸಿದ್ದನ್ನು ಮೊಳೆಯಿಂದ ತೆಗೆದ. ದುಡ್ಡು ಕೊಟ್ಟ. ಚಿಲ್ಲರೆ ತೆಗೆದುಕೊಂಡ. ಇರ್ಷಾದ ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ ಹೊತ್ತಿಗೆ ವೈರನ್ನು ಅದೇ ಮೊಳೆಗೆ ಹಾಕಿ, ಸರಿಯಾಗಿ ನೇತಾಡುತ್ತಿದೆಯೇ ಎಂದು ನೋಡಿ, ಬಸ್ಸು ಹತ್ತಿದ.

“ವೈರೆಲ್ಲಿ?” ಎಂದಳು ತಾಯಮ್ಮ.

“ಅಂಗಡೀಲದೆ.”

“ಕೊಳ್ಳಲಿಲ್ವಾ?”

“ಕೊಂಡೆ. ತೆಗೆದ ಜಾಗಕ್ಕೇ ಹಾಕಿ ಬಂದೆ.”

ಮಗ ಏನು ಮಾಡಿದ ಎನ್ನುವುದಕ್ಕಿಂತ, ತಾನು ಹೇಳಿದ್ದನ್ನೇ ಮಾಡಿದ ಎನ್ನುವುದು ತಾಯಮ್ಮನಿಗೆ ಹೆಚ್ಚು ಚುಚ್ಚಿತು.

“ಹಾಳಾಗೋಗು. ಕೊಂಡ ಸಾಮಾನ ಬುಟ್ಟು ಬತ್ತಾರೇನ್ಲಾ? ಎದೆಗವಚ್ಕೊಂಡು ಹಿಡ್ಕಬೇಕು. ಯಾರು ಕೇಳಿದ್ರೂ ಕೊಡಬಾರದು. ಸೀದಾ ಮನೆಗೆ ತರಬೇಕು.”

“ಹೂಂ ಕಣವ್ವ. ಇನ್ಮೇಲೆ ಯಾರಿಗೂ ಕೊಡಾಕಿಲ್ಲ.”

ವೈರನ್ನು ಇರ್ಷಾದ ಮುಂದಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ. ಹಾಕಿದರು. ಟೀವಿ ಕತ್ತಲಾಗಿಯೇ ಇತ್ತು. ಹೊಸ ವೈರು, ಹಳೆಯ ಕತ್ತಲು.

“ಹಂಗಾದ್ರೆ ಲ್ಯಾಪ್‌ಟಾಪಲ್ಲೇ ಏನೋ ಇದೆ. ಕಳಿಸಿ, ನೋಡ್ತೀನಿ” ಎಂದ ಇರ್ಷಾದ.

ಸಂಜೆಯ ಹಾಲಿಗೆ ಇನ್ನೂ ಹೊತ್ತಿತ್ತು. ತಾಯಮ್ಮ ಡೇರಿ ಬಿಟ್ಟು ಹೋಗುವಂತಿರಲಿಲ್ಲ. ಕಳಿಸಲು ಇದ್ದವನು ಒಬ್ಬನೇ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ಅವನ ಎದೆಗೆ ಒರಗಿಸಿ, “ಜ್ವಾಪಾನ” ಎಂದಳು.

ಚನ್ನಿಂಗ ಅದನ್ನು ಎದೆಗವಚಿಕೊಂಡು ಅಂಗಡಿಗೆ ಹೋಗಿ ನಿಂತ.

“ಕೊಡಣ್ಣ” ಎಂದ ಇರ್ಷಾದ.

“ಕೊಡಾಕಿಲ್ಲ.”

“ನಾನೇ ತರಿಸಿದ್ದು. ನೋಡ್ಬೇಕಲ್ಲ.”

“ನೋಡು. ಇಲ್ಲೇ ಅದೆ.”

“ಟವೆಲ್ ಆದ್ರೂ ತೆಗಿ ಮಾರಾಯ.”

ಚನ್ನಿಂಗ ಟವೆಲನ್ನು ಇನ್ನೂ ಬಿಗಿ ಮಾಡಿಕೊಂಡ. ಇರ್ಷಾದ ಕೂರಲು ಸ್ಟೂಲು ಕೊಟ್ಟ, ಟೀ ತರಿಸಿದ. ಚನ್ನಿಂಗ ಟೀ ಮುಟ್ಟಲಿಲ್ಲ. ಲೋಟ ಹಿಡಿಯಲು ಒಂದು ಕೈ ಬೇಕು. ಬಸ್ಸಿನ ಹೊತ್ತಾಯಿತು. ಎದ್ದು ಸೀದಾ ಮನೆಗೆ ಬಂದ.

ಅವನಿಗಿಂತ ಮೊದಲು ಫೋನು ಬಂದಿತ್ತು.

“ಅಮ್ಮ, ನಿಮ್ಮ ಮಗ ಬಂದಿದ್ರು. ಲ್ಯಾಪ್‌ಟಾಪೂ ಬಂದಿತ್ತು. ಎರಡನ್ನೂ ಬೇರೆ ಮಾಡೋಕೆ ನನ್ನ ಕೈಲಿ ಆಗ್ಲಿಲ್ಲ.”

ತಾಯಮ್ಮ ಅಂದು ಮಗನನ್ನು ಹೊಡೆಯಲು ಕೈ ಎತ್ತಿದಳು. ಅವನು ಹೊಡೆಸಿಕೊಳ್ಳಲು ಅನುಕೂಲವಾಗುವಂತೆ ತಲೆ ಬಗ್ಗಿಸಿದ. ಅವಳು ಕೈ ಇಳಿಸಿದಳು.

“ಚನ್ನಿಂಗ, ನಾಳೆ ಹೊತ್ತಾರೆ ಆ ಟೀವಿ ಹತ್ಕಳ್ದೆ ಇದ್ರೆ ಈ ಊರಲ್ಲಿ ನಾನು ಕಳ್ಳಿ ಆಯ್ತೀನಿ ಕಣ್ಲಾ. ಕೆಲಸ ಹೋದ್ರೆ ಹೋಗ್ಲಿ. ಇಷ್ಟು ವರ್ಸ ಕದ್ದಿದ್ಳು, ಈಗ ಸಿಕ್ಕಿಬಿದ್ಳು ಅಂತಾರೆ. ತಿಳೀತಾ?”

“ಹೂಂ ಕಣವ್ವ.”

“ಎಲ್ಲದಕ್ಕೂ ಬಿಗಿ ಹಿಡಿದ್ರೆ ಆಗಲ್ಲ. ಬೇಕು ಅಂತ ಕೇಳಿದೋರ ಕೈಗೆ ಕೊಡಬೇಕು. ಏನು ತೊಂದರೆ ಅಂದ್ರೆ ಮುಚ್ಚಿಡದೆ ಹೇಳಬೇಕು.”

“ಹೂಂ ಕಣವ್ವ. ಇನ್ಮೇಲೆ ಕೊಡ್ತೀನಿ. ಹೇಳ್ತೀನಿ.”

ಆ ಸಂಜೆ ಹಾಲು ಹಾಕಿದವರು ಗೊಣಗಲೂ ಇಲ್ಲ. ಅದು ಗೊಣಗುವುದಕ್ಕಿಂತ ಕೆಟ್ಟದ್ದೆಂದು ತಾಯಮ್ಮನಿಗೆ ಗೊತ್ತಿತ್ತು. ಡೇರಿ ಮುಚ್ಚಿದ ಮೇಲೆ ಚನ್ನಿಂಗ ಬೀಗದ ಕೈ ಹಿಡಿದು ಮನೆಗೆ ಬರುತ್ತಿದ್ದ. ದಾರಿಯಲ್ಲಿ ಕೋಮಲ ಸಿಕ್ಕಳು.

“ಏನು ಚನ್ನಿಂಗಣ್ಣ, ಟೀವಿ ಸರಿ ಹೋಯ್ತಾ?”

“ಇಲ್ಲ. ನಾಳೆ ಅವ್ವ ಕಳ್ಳಿ ಆಯ್ತಾಳಂತೆ. ಕೆಲಸನೂ ಹೋಯ್ತದಂತೆ.”

ಕೋಮಲ ಇಷ್ಟು ಸುಲಭವಾಗಿ ಏನನ್ನೂ ಪಡೆದಿರಲಿಲ್ಲ. “ಅಯ್ಯೋ ಪಾಪ. ಬೀಗದ ಕೈ ಕೊಡಿ, ನಾನೂ ಒಂದ್ಸಲ ನೋಡ್ತೀನಿ” ಎಂದಳು. ಕೇಳಿದವರ ಕೈಗೆ ಕೊಡಬೇಕು. ಚನ್ನಿಂಗ ಕೊಟ್ಟ.

ಬೆಳಿಗ್ಗೆ ತಾಯಮ್ಮ ಹಸು ಕರೆದು ತಂಬಿಗೆಯ ಹಾಲನ್ನು ಮುಚ್ಚಿಟ್ಟು, ಮೊಳೆಗೆ ಕೈ ಹಾಕಿದಳು. ಬೀಗದ ಕೈ ಇರಲಿಲ್ಲ.

“ಕೋಮಲಕ್ಕ ಕೇಳಿದ್ಲು. ಕೊಟ್ಟೆ” ಎಂದ ಚನ್ನಿಂಗ.

ಅವಳು ಬೈಯಲಿಲ್ಲ. ಬೈದರೆ ಅದರಲ್ಲಿ ಒಂದು ಬುದ್ಧಿಮಾತು ಇರುತ್ತದೆ, ಆ ಮಾತು ನಾಳೆ ಎಲ್ಲಿ ಹುಟ್ಟುತ್ತದೋ ಎಂಬ ಹೆದರಿಕೆ. “ಕ್ಯಾನ್ ತೊಳೆದು ಹಾಲು ಸುರ್ಕೊಂಡು ಬಾ” ಎಂದಷ್ಟೇ ಹೇಳಿ ಓಡಿದಳು.

ಡೇರಿಯ ಬಾಗಿಲು ತೆರೆದಿತ್ತು. ಕೋಮಲ ಸೀರೆ ನೀಟಾಗಿ ಉಟ್ಟು ತಾಯಮ್ಮನ ಕುರ್ಚಿಯಲ್ಲಿ ಕೂತಿದ್ದಳು. ಸೂಪರ್‌ವೈಸರ್ ಶಾಂತವೀರಪ್ಪ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಹೊರಗೆ ಹೆಂಗಸರ ಸಾಲು. ಸಾಲಿನ ಮುಂದೆ ಕೆಂಪಮ್ಮ.

“ಹೊರಗಿನ ಪರದೆ ಕೆಲಸ ಮಾಡ್ತಿಲ್ವಂತೆ. ಬಾಯಲ್ಲಿ ಹೇಳಿ ಬರೀತಿದ್ದೀರಂತೆ. ಇದು ಸರಿಯಾ ತಾಯಮ್ಮ?” ಎಂದ ಶಾಂತವೀರಪ್ಪ.

“ಒಂದು ಗಳಿಗೆ ಕೊಡಿ ಸಾರ್” ಎಂದಳು ತಾಯಮ್ಮ. ಮತ್ತೆ ಇರ್ಷಾದನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಇರ್ಷಾದ ಆಗ ತಾನೇ ಎದ್ದಿದ್ದ. “ವಿಂಡೋಸ್ ಗುಂಡಿ ಒತ್ತಿ ಹಿಡಿದು ಪಿ ಒತ್ತಿ ಅಮ್ಮ. ನಾಲ್ಕು ಸಾಲು ಬರುತ್ತೆ. ಮೊದಲನೇದು ಒಳಗೆ ಮಾತ್ರ ಕಾಣೋದು. ಎರಡನೇದು ಎರಡೂ ಕಡೆ. ಮೂರನೇದು ನಿಮಗೆ ಬೇಡ. ಕೊನೇದು ಹೊರಗೆ ಮಾತ್ರ. ಯಾರೋ ಗುಂಡಿ ಒತ್ತಿ ಮೊದಲನೇದಕ್ಕೆ ಹೋಗಿರಬೇಕು.”

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಯಾರೂ ಕೇಳಲಿಲ್ಲ. ಮೊದಲೇ ಹೇಳಿದ್ದರೆ ವೈರು ಮಾರಾಟವಾಗುತ್ತಿರಲಿಲ್ಲ.

ಇಂಗ್ಲಿಷಿನ ಸಾಲು ಓದಲು ತಾಯಮ್ಮನಿಗೆ ಬರುತ್ತಿರಲಿಲ್ಲ. ಕೋಮಲಳಿಗೆ ಬರುತ್ತಿತ್ತು, ಆದರೆ ಅವಳು ಬಳೆ ಸರಿ ಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಚನ್ನಿಂಗ ಕ್ಯಾನು ಹೊತ್ತು ಬಂದು ಸಾಲಿನ ಕೊನೆಗೆ ಇಳಿಸಿದ. ತಾಯಮ್ಮ ಅವನನ್ನು ಲ್ಯಾಪ್‌ಟಾಪಿನ ಮುಂದೆ ನಿಲ್ಲಿಸಿದಳು. ಅವನು ಎರಡು ಗುಂಡಿ ಒತ್ತಿದ. ನಾಲ್ಕು ಸಾಲು ಬಂದವು.

“ಯಾವುದು ಒತ್ತಲವ್ವ?”

ಹೊರಗೆ ಕೆಂಪಮ್ಮ, “ಬೇಗ ಕಾಣಿಸ್ರವ್ವ, ಬಿಸಿಲು ಏರ್ತಾ ಅದೆ” ಎಂದಳು. ಶಾಂತವೀರಪ್ಪ ಮತ್ತೆ ಗಡಿಯಾರ ನೋಡಿದ. ತಾಯಮ್ಮನಿಗೆ ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ಒಂದೇ.

“ನನಗೆ ಕಾಣ್ದೆ ಇದ್ರೂ ಚಿಂತೆ ಇಲ್ಲ ಕಣ್ಲಾ. ಹೊರಗೆ ನಿಂತೋರಿಗೆ ಕಂಡ್ರೆ ಸಾಕು.”

ಚನ್ನಿಂಗ ಕೊನೆಯ ಸಾಲು ಒತ್ತಿದ.

ಹೊರಗಿನ ಟೀವಿ ಬೆಳಗಿತು. ಸಾಲಿನಲ್ಲಿ “ಹತ್ಕತು, ಹತ್ಕತು” ಎಂಬ ಮಾತು ಹಿಂದಿನವರೆಗೆ ಹೋಯಿತು. ಒಳಗೆ ಲ್ಯಾಪ್‌ಟಾಪ್ ಬಾವಿಯ ಹಾಗೆ ಕಪ್ಪಾಯಿತು. ಮತ್ತೆ ಒತ್ತಿಸಲು ತಾಯಮ್ಮನಿಗೆ ಧೈರ್ಯ ಬರಲಿಲ್ಲ. ಬಂದ ಬೆಳಕೂ ಹೋದರೆ ಯಾರನ್ನು ಕೇಳುವುದು?

ಕೋಮಲ ಎದ್ದಳು. ಕತ್ತಲೆಯ ಮುಂದೆ ಕೂರಲು ಅವಳು ಕಂಪ್ಯೂಟರ್ ಕಲಿತಿರಲಿಲ್ಲ. ತಾಯಮ್ಮ ತನ್ನ ಕುರ್ಚಿಯಲ್ಲಿ ಕೂತು ಸದಸ್ಯೆಯ ನಂಬರು ಒತ್ತಿದಳು. ಅದಕ್ಕೆ ಕಣ್ಣು ಬೇಕಿರಲಿಲ್ಲ, ಬೆರಳಿಗೆ ರೂಢಿಯಾಗಿತ್ತು. ಮಿಷನ್ನು ಕೆಂಪಮ್ಮನ ಹಾಲು ಅಳೆಯಿತು.

“ಎಷ್ಟು ಬಂತು ಕೆಂಪಕ್ಕ? ನನಗೆ ಕಾಣ್ತಿಲ್ಲ. ಓದಿ ಹೇಳು, ನಿನ್ನ ಹಾಲಿನ ಕಾರ್ಡಿಗೆ ಬರೀತೀನಿ.”

ಕೆಂಪಮ್ಮ ಟೀವಿ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು. “ನಿಂಗವ್ವ, ನೀನು ಓದು” ಎಂದು ಹಿಂದಿನವಳಿಗೆ ಹೇಳಿದಳು. ನಿಂಗವ್ವ ಅವಳ ಹಿಂದಿನವಳ ಮುಖ ನೋಡಿದಳು. ಒಬ್ಬಳಿಗೆ ಕನ್ನಡಕ ಇರಲಿಲ್ಲ, ಇನ್ನೊಬ್ಬಳಿಗೆ ಕನ್ನಡಕ ಇತ್ತು, ಆದರೆ ಅಂಕಿ ಬರುತ್ತಿರಲಿಲ್ಲ. ಓದು ಬರುತ್ತಿದ್ದ ಸೊಸೆಯಂದಿರು ಡೇರಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಅವರು ನೋಡುತ್ತಿದ್ದದ್ದು ಬೆಳಕನ್ನು. ಬೆಳಕಿದ್ದರೆ ಮೋಸವಿಲ್ಲ ಎಂಬುದು ಅವರ ಲೆಕ್ಕ.

“ನಿಮ್ಮ ಮಗನಿಗೆ ಅಂಕಿ ಬರುತ್ತಲ್ಲ, ಹೊರಗೆ ನಿಲ್ಲಿಸಿ” ಎಂದ ಶಾಂತವೀರಪ್ಪ ಬೇಸರದಿಂದ.

“ಅವನಾದ್ರೆ ಸರಿ, ಅವನಿಗೆ ಸುಳ್ಳು ಹೇಳಾಕೆ ಬರಾಕಿಲ್ಲ” ಎಂದರು ಹೆಂಗಸರು.

ತಾಯಮ್ಮ ಮಗನನ್ನು ಕಿಟಕಿಯ ಹೊರಗೆ ನಿಲ್ಲಿಸಿದಳು. “ಕಂಡದ್ದನ್ನ ಕಂಡಂಗೆ ಗಟ್ಟಿಯಾಗಿ ಓದು. ಯಾರದ್ದೇ ಆಗ್ಲಿ, ಒಂದೂ ಬಿಡಬ್ಯಾಡ.”

“ಹೂಂ ಕಣವ್ವ.”

ಓದಿದ. ಕೆಂಪಮ್ಮ, ಫ್ಯಾಟ್ ನಾಲ್ಕೂವರೆ, ನೀರು ಇಲ್ಲ. ನಿಂಗವ್ವ, ಫ್ಯಾಟ್ ನಾಲ್ಕು, ನೀರು ಇಲ್ಲ. ಗಂಟೆ ಬಾರಿಸಿದ ಹಾಗಿತ್ತು ಅವನ ಗಂಟಲು. ಮೊನ್ನೆ ಸಂಜೆ ತಾಯಮ್ಮ ಬಾಯಲ್ಲಿ ಹೇಳಿದ್ದೂ ನಾಲ್ಕೂವರೆ ಎಂದು ಕೆಂಪಮ್ಮನಿಗೆ ನೆನಪಾಯಿತು. ಅವಳು ಅದನ್ನು ಹಿಂದಿನವಳಿಗೆ ಹೇಳಿದಳು. ಸಾಲು ಕರಗುತ್ತ ಬಂತು. ಹಾಲು ಹಾಕಿದವರು ಮನೆಗೆ ಹೋಗದೆ ಅಲ್ಲೇ ನಿಂತು ಕೇಳುತ್ತಿದ್ದರು. ತಾಯಮ್ಮ ಕತ್ತಲಾದ ಲ್ಯಾಪ್‌ಟಾಪಿನ ಮುಂದೆ ಕೂತು ಮಗನ ಮಾತು ಬರೆದುಕೊಳ್ಳುತ್ತಿದ್ದಳು. ಅವನು ಹುಟ್ಟಿದಾಗಿನಿಂದ ಅವಳು ಹೇಳುವುದು, ಅವನು ಕೇಳುವುದು ನಡೆದಿತ್ತು. ಇದು ಮೊದಲ ಸಲ ತಿರುಗಿತ್ತು.

ಕೊನೆಗೆ ಸೆಕ್ರೆಟ್ರಿಯ ಹಾಲು. ಶಾಂತವೀರಪ್ಪನೇ ಕ್ಯಾನಿನಿಂದ ತೆಗೆದು ಮಿಷನ್ನಿಗೆ ಇಟ್ಟ.

“ತಾಯಮ್ಮ” ಎಂದು ಚನ್ನಿಂಗ ಓದಿದ. “ಫ್ಯಾಟ್ ಮೂರು. ನೀರು ಮೂವತ್ತು.”

ತಾಯಮ್ಮ ಬರೆಯುವ ಕೈ ನಿಲ್ಲಿಸಿದಳು. “ಸರಿಯಾಗಿ ನೋಡ್ಲಾ.”

“ಸರಿಯಾಗೇ ನೋಡ್ದೆ. ನೀರು ಮೂವತ್ತು.” ಅವನು ಹಿಂದೆ ನಿಂತವರಿಗೂ ಕೇಳಲೆಂದು ಇನ್ನೊಮ್ಮೆ ಹೇಳಿದ.

ಕೋಮಲ ಬಳೆ ಸರಿ ಮಾಡಿಕೊಳ್ಳುವುದನ್ನು ಬಿಟ್ಟಳು. ಶಾಂತವೀರಪ್ಪ ಹೊರಗೆ ಬಂದ.

“ಯಾರಪ್ಪ ನೀರು ಹಾಕಿದ್ದು?”

“ನಾನು.”

“ನಿನಗೆ ಯಾರು ಹೇಳಿದ್ದು?”

“ಅವ್ವ.”

ಆ ಮಾತನ್ನು ನಂಬದೆ ಇರುವಂತಿರಲಿಲ್ಲ. ಸುಳ್ಳು ಬರುವುದಿಲ್ಲ ಎಂದು ಅವರೇ ಅವನನ್ನು ಅಲ್ಲಿ ನಿಲ್ಲಿಸಿದ್ದರು. ತಾಯಮ್ಮ ಬಾಗಿಲಿಗೆ ಬಂದು, “ನಾನು ಹೇಳಿಲ್ಲ ಸಾರ್” ಎಂದಳು. ಅವಳಿಗೇ ಆ ದನಿ ಕಳ್ಳಿಯ ದನಿಯ ಹಾಗೆ ಕೇಳಿಸಿತು. ಹೇಳಿರಲಿಲ್ಲ ಎಂದು ಖಚಿತವಾಗಿ ಹೇಳುವುದಾದರೂ ಹೇಗೆ? ಈ ಮಗನಿಗೆ ಅವಳು ಏನೇನು ಹೇಳಿದ್ದಳೋ.

ನೀರು ಬೆರೆತ ಹಾಲನ್ನು ಚೆಲ್ಲುವುದು ಡೇರಿಯ ನಿಯಮ. ಶಾಂತವೀರಪ್ಪ ಕ್ಯಾನು ಎತ್ತಿ ಚರಂಡಿಯ ಬದಿಯಲ್ಲಿ ಬಗ್ಗಿಸಿದ. ಹಾಲು ಕಲ್ಲಿನ ಮೇಲೆ ಹರಡಿ ಸಂದಿಗಳಲ್ಲಿ ನಿಂತಿತು. ಖಾಲಿ ಕ್ಯಾನನ್ನು ಬದಿಗಿಟ್ಟು ಅವನು ವರದಿ ಬರೆಯಲು ಪೆನ್ನು ತೆಗೆದ.

ಆಗ ಚನ್ನಿಂಗ ಕಿಟಕಿ ಬಿಟ್ಟು ಬಂದು ಕುಕ್ಕರಗಾಲಿನಲ್ಲಿ ಕೂತ. ಸ್ಯಾಂಪಲ್ ತೆಗೆಯುವ ಬಟ್ಟಲಿನಿಂದ ಕಲ್ಲಿನ ಮೇಲಿನ ಹಾಲನ್ನು ಗೀರಿ ಗೀರಿ ಕ್ಯಾನಿಗೆ ತುಂಬಲು ಶುರು ಮಾಡಿದ. ಹಾಲಿನ ಜೊತೆ ಮಣ್ಣು ಬಂತು, ಹುಲ್ಲುಕಡ್ಡಿ ಬಂತು. ಅವನು ಎಲ್ಲವನ್ನೂ ಹಾಕುತ್ತಿದ್ದ.

“ಏನ್ಲಾ ಮಾಡ್ತಿದ್ದೀಯ?” ಎಂದಳು ಕೆಂಪಮ್ಮ.

“ವಾಪಸ್ ಹಾಕ್ತಾ ಇವ್ನಿ. ಏನೇ ತೆಗೆದ್ರೂ ತೆಗೆದ ಜಾಗಕ್ಕೆ ಮತ್ತೆ ಹಾಕಬೇಕು. ಅವ್ವ ಹೇಳವ್ಳೆ.”

“ಯಾವಾಗ್ಲಾ ಹೇಳಿದ್ಲು?”

“ಟೀವಿ ವೈರು ಕಿತ್ತಾಗ. ಅದಕ್ಕೇ ಹೊತ್ತಾರೆ ಕ್ಯಾನ್ ತೊಳೆದ ನೀರು ಬಕೀಟಿಗೆ ತೆಗೆದ್ನಲ್ಲ, ಅದನ್ನೂ ಮತ್ತೆ ಕ್ಯಾನಿಗೇ ಹಾಕ್ದೆ. ಆಮ್ಯಾಕೆ ಹಾಲು ಸುರ್ದೆ.”

ಕೆಂಪಮ್ಮ ಅವನನ್ನು ನೋಡಿದಳು. ಕ್ಯಾನಿನೊಳಗೆ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತ ತಾಯಮ್ಮನನ್ನು ನೋಡಿದಳು. ಬೇರೆಯವಳ ಕಷ್ಟ ಕೆಂಪಮ್ಮನಿಗೆ ಅರ್ಥವಾದದ್ದು ಕಡಿಮೆ. ಇದು ಅರ್ಥವಾಯಿತು.

“ಸಾರ್, ಪೆನ್ನು ಒಳಗಿಡಿ” ಎಂದಳು. “ಇವನಿಗೆ ಹೇಳಿ ಕಳ್ಳತನ ಮಾಡ್ಸಾಕೆ ಹೊರಡೋಳು ಇವನಿಗಿಂತ ಪೆದ್ದಿ ಆಗಿರಬೇಕು. ತಾಯಮ್ಮ ಅಂಥೋಳಲ್ಲ.”

ಹೌದು ಎಂದಳು ನಿಂಗವ್ವ. ಹೌದು ಹೌದು ಎಂದರು ಉಳಿದವರು. ಶಾಂತವೀರಪ್ಪನಿಗೆ ಇನ್ನೂ ಬೇರೆ ಊರುಗಳಿದ್ದವು. ಪೆನ್ನಿಗೆ ಮುಚ್ಚಳ ಹಾಕಿದ. ಕೋಮಲ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೋದಳು.

ಹಾಲಿನ ಗಾಡಿ ಬಂದು ನಿಂತಿತು. ಊರಿನ ಹಾಲೆಲ್ಲ ತುಂಬಿದ ದೊಡ್ಡ ಕ್ಯಾನುಗಳನ್ನು ಏರಿಸಬೇಕು. ಡ್ರೈವರು ಒಂದು ಕಡೆ ಹಿಡಿದ, ಚನ್ನಿಂಗ ಇನ್ನೊಂದು ಕಡೆ ಹಿಡಿದ. ಒಂದು ಕ್ಯಾನು ಏರಿತು. ಎರಡನೆಯದು ಎದೆಯ ಎತ್ತರಕ್ಕೆ ಬಂದಿತ್ತು.

ತಾಯಮ್ಮ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಕೆಂಪಮ್ಮ ಅವಳ ಪಕ್ಕ ಕೂತು, ಸಮಾಧಾನ ಹೇಳಲು ಬಾರದೆ, ಚನ್ನಿಂಗನ ಕಡೆ ತಿರುಗಿದಳು.

“ನಾಳೆಯಿಂದ ದಿನಾ ನೀನೇ ಓದ್ಲಾ ಚನ್ನಿಂಗ. ಆದ್ರೆ ಕ್ಯಾನ್ ಮಾತ್ರ ಮುಟ್ಟಬ್ಯಾಡ.”

“ಹೂಂ ಕಣಕ್ಕ” ಎಂದ ಚನ್ನಿಂಗ. ಎರಡು ಕೈಯನ್ನೂ ತೆಗೆದ.

ಕ್ಯಾನು ಬಿತ್ತು. ಮುಚ್ಚಳ ಒಂದು ಕಡೆ ಉರುಳಿತು. ಕೆಂಪಮ್ಮನ ನಾಲ್ಕೂವರೆಯೂ ನಿಂಗವ್ವನ ನಾಲ್ಕೂ ಒಂದಾಗಿ ಇಳಿಜಾರಿನಲ್ಲಿ ಹರಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟವು. ಚನ್ನಿಂಗ ಕೈ ಕಟ್ಟಿಕೊಂಡು, ಮುಂದೇನು ಮಾಡಲಿ ಎಂದು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ.

ಯಾರೂ ಬಾಯಿ ಬಿಡಲಿಲ್ಲ. ಏನು ಹೇಳಿದರೂ ಅದನ್ನು ಅವನು ಮಾಡುತ್ತಾನೆ ಎಂಬುದು ಅಷ್ಟು ಹೊತ್ತಿಗೆ ಎಲ್ಲರಿಗೂ ತಿಳಿದಿತ್ತು.